ಎರಡು ಕೊಳವೆ ಕೂಡುವ ಜಾಗ

1827ರ ಜುಲೈ 6ರ ಬೆಳಿಗ್ಗೆ ಪತ್ತಿಕೊಂಡದ ಬಿಡಾರದಲ್ಲಿ ಸರ್ ಥಾಮಸ್ ಮನ್ರೋಗೆ ವಾಂತಿಭೇದಿ ಶುರುವಾಯಿತು. ರಾತ್ರಿಯಾಗುವಷ್ಟರಲ್ಲಿ ಮದರಾಸು ಪ್ರಾಂತ್ಯಕ್ಕೆ ಗವರ್ನರ್ ಇರಲಿಲ್ಲ. ಅಧಿಕಾರ ಬಿಟ್ಟು ಸ್ವದೇಶಕ್ಕೆ ಹಡಗು ಹತ್ತುವ ಮುಂಚೆ, ತಾನು ಕಲೆಕ್ಟರಾಗಿದ್ದ ನೆಲವನ್ನು ಇನ್ನೊಮ್ಮೆ ನೋಡಿ ಬರಲು ಆತ ಹೊರಟಿದ್ದ. ಆ ನೆಲ 1800ರಲ್ಲಿ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲ. ಹರಪನಹಳ್ಳಿಯ ಪಾಳೆಯಪಟ್ಟು, ಕೂಡ್ಲಿಗಿ ಮತ್ತು ಹಡಗಲಿ ಸೀಮೆ ಎಲ್ಲವೂ ಅದರೊಳಗಿದ್ದವು. 1808ರಲ್ಲಿ ದತ್ತ ಮಂಡಲ ಒಡೆದು ಬಳ್ಳಾರಿ ಜಿಲ್ಲೆಯಾದ ಮೇಲೂ ಈ ಸೀಮೆಗಳ ರೈತರ ಬಾಯಲ್ಲಿ ಮನ್ರೋನ ಹೆಸರು ಉಳಿದೇ ಇತ್ತು.

ಗವರ್ನರನ ಜೊತೆ ವೈದ್ಯರಿದ್ದರು, ಔಷಧಿ ಪೆಟ್ಟಿಗೆ ಇತ್ತು. ಆ ಕಾಲದ ವಿದ್ಯೆಯಲ್ಲಿ ಕಾಲರಾಕ್ಕೆ ಅಫೀಮಿನ ದ್ರಾವಣ, ಪಾದರಸದ ಕ್ಯಾಲೊಮೆಲ್, ಅದೂ ಸಾಲದಿದ್ದರೆ ರಕ್ತ ತೆಗೆಯುವುದು! ಮೈಯ ನೀರೆಲ್ಲ ಬಸಿದು ಹೋಗುತ್ತಿರುವ ಮನುಷ್ಯನ ನರ ಕೊಯ್ದು ಉಳಿದ ರಕ್ತವನ್ನೂ ಹೊರಗೆ ಬಿಡುವ ಈ ಚಿಕಿತ್ಸೆಯ ಮುಂದೆ, ರೋಗ ಬಂದಾಗ ಊರನ್ನೇ ಖಾಲಿ ಮಾಡಿ ಹೊಲದಲ್ಲಿ ಹೊರಬೀಡು ಬಿಡುತ್ತಿದ್ದ ಹಳ್ಳಿಗರ ಉಪಾಯ ಎಷ್ಟೋ ವಾಸಿ. ಕನಿಷ್ಠ ಕೆಟ್ಟ ಬಾವಿಯ ನೀರಾದರೂ ತಪ್ಪುತ್ತಿತ್ತು.

ಮನ್ರೋಗೆ ಬೇಕಿದ್ದದ್ದು ಉಪ್ಪುನೀರು. ಅದೂ ಬಾಯಿಗಲ್ಲ, ನೇರ ರಕ್ತಕ್ಕೆ. ಅದಕ್ಕೆ ಜಗತ್ತು ಇನ್ನು ಐದೇ ವರ್ಷ ದೂರದಲ್ಲಿತ್ತು. 1817ರಲ್ಲಿ ಬಂಗಾಳದಿಂದ ಹೊರಟ ಕಾಲರಾ ದಖ್ಖನ್ನನ್ನು ಹಾದು, ಮುಂದಿನ ಅಲೆಯಲ್ಲಿ 1831ರ ಕೊನೆಗೆ ಇಂಗ್ಲೆಂಡನ್ನೂ ಮುಟ್ಟಿತು. ವಿಲಿಯಂ ಬ್ರೂಕ್ ಓಶಾನೆಸಿ ಎಂಬ ತರುಣ ವೈದ್ಯ ರೋಗಿಗಳ ರಕ್ತ ಪರೀಕ್ಷಿಸಿ, ಅದರಲ್ಲಿ ನೀರೂ ಲವಣವೂ ಕಡಿಮೆಯಾಗಿವೆ, ಹೋದದ್ದನ್ನು ಮರಳಿ ತುಂಬಬೇಕು ಎಂದು ಬರೆದ. ಬರೆದದ್ದನ್ನು 1832ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಲೀತ್ ಪಟ್ಟಣದ ಥಾಮಸ್ ಲಾಟಾ ಮಾಡಿಯೇಬಿಟ್ಟ. ಉಸಿರು ನಿಲ್ಲುವ ಹಂತಕ್ಕೆ ಬಂದಿದ್ದ ಒಬ್ಬ ಮುದುಕಿಯ ತೋಳಿನ ನರಕ್ಕೆ ಬೆಳ್ಳಿಯ ಕೊಳವೆ ಸೇರಿಸಿ ಸಿರಿಂಜಿನಿಂದ ಉಪ್ಪು ಮತ್ತು ಸೋಡದ ನೀರನ್ನು ಮೆಲ್ಲಗೆ ನೂಕುತ್ತ ಹೋದ. ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಗುಳಿಬಿದ್ದ ಕಣ್ಣಿಗೆ ಹೊಳಪು ಬಂತು, ನಾಡಿ ಕೈಗೆ ಸಿಕ್ಕಿತು, ಮುದುಕಿ ಮಾತಾಡಿದಳು. ಲಾಟಾ ಕಿರಿಯ ವೈದ್ಯನಿಗೆ ಒಪ್ಪಿಸಿ ಮನೆಗೆ ಹೋದ. ಭೇದಿ ಮತ್ತೆ ಶುರುವಾಯಿತು, ಮತ್ತೆ ನೀರು ಕೊಡುವವರಿರಲಿಲ್ಲ. ಕೆಲವೇ ತಾಸಿನಲ್ಲಿ ಅವಳು ತೀರಿಕೊಂಡಳು.

ಓಶಾನೆಸಿ 1833ರಲ್ಲಿ ಕಂಪನಿ ನೌಕರಿಗೆ ಕಲ್ಕತ್ತೆಗೆ ಬಂದ. ಕಾಲರಾದ ತವರಿಗೇ ಬಂದವನು ಹೆಸರು ಮಾಡಿದ್ದು ಮಾತ್ರ ಭಂಗಿಯ ಔಷಧಿ ಗುಣ ಹುಡುಕಿ, ಆಮೇಲೆ ಭಾರತಕ್ಕೆ ತಂತಿ ಎಳೆಸಿ. ಲಾಟಾನ ವಿಧಾನ ಹಲವು ದಶಕ ಮೂಲೆಗೆ ಬಿತ್ತು. ಕಾರಣ ಉಪ್ಪುನೀರಲ್ಲ. ಕುದಿಸದ ನೀರು, ತೊಳೆಯದ ಕೈ, ಒಬ್ಬನಿಂದ ತೆಗೆದು ಇನ್ನೊಬ್ಬನಿಗೆ ಹಾಕುವ ಕೊಳವೆ, ಸಿರಿಂಜು ಬದಲಿಸುವಾಗ ಒಳಗೆ ನುಗ್ಗುವ ಗಾಳಿ: ಕಾಲರಾದಿಂದ ಪಾರಾದವನನ್ನು ಇವುಗಳಲ್ಲೊಂದು ಕೊಲ್ಲುತ್ತಿತ್ತು. ಕ್ರಿಮಿಗಳೇ ರೋಗಕ್ಕೆ ಮೂಲವೆಂದು ಇನ್ನೂ ಯಾರಿಗೂ ಗೊತ್ತಿರಲಿಲ್ಲ. ನರಕ್ಕೆ ದ್ರವ ಏರಿಸುವ ಕಸುಬಿನ ಪೂರ್ತಿ ಇತಿಹಾಸವನ್ನು ಲೀತ್‌ನ ಆ ಹಾಸಿಗೆಯ ಪಕ್ಕದಿಂದಲೇ ಓದಬಹುದು. ದ್ರವ ಬಹಳ ಬೇಗ ಸಿಕ್ಕಿತು. ದ್ರವದ ಕೊಳವೆ ಮೈಯೊಳಗಿನ ಕೊಳವೆಯನ್ನು ಸೇರುವ ಬೆರಳಗಲದ ಜಾಗವನ್ನು ಚೊಕ್ಕಟವಾಗಿಡುವುದನ್ನು ಕಲಿಯಲು ನೂರೈವತ್ತು ವರ್ಷ ಹಿಡಿಯಿತು.

ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತೆಯ ಲಿಯೊನಾರ್ಡ್ ರೋಜರ್ಸ್ ಹೆಚ್ಚು ಉಪ್ಪಿನ ಸಲೈನನ್ನು ನರಕ್ಕೆ ಕೊಟ್ಟು ಕಾಲರಾ ಸಾವುಗಳನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದ. ಆ ಹೊತ್ತಿಗೆ ಪಾತ್ರೆ, ಸೂಜಿ, ನೀರು ಮೂರನ್ನೂ ಕುದಿಸುವುದು ರೂಢಿಗೆ ಬಂದಿತ್ತು. ಆದರೆ ಬಳ್ಳಾರಿ ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಿಗೆ ಸರ್ಕಾರದ ವೈದ್ಯ ಬರುತ್ತಿದ್ದದ್ದು ಹೆಚ್ಚಾಗಿ ರೋಗ ತಡೆಯುವ ಚುಚ್ಚುಮದ್ದು ಹಿಡಿದು, ಅದೂ ಜಾತ್ರೆಗಳಿಗೆ. ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕ, ಕುರುವತ್ತಿ ಬಸವೇಶ್ವರನ ತೇರು, ಕೊಟ್ಟೂರಿನ ಗುರು ಬಸವೇಶ್ವರನ ತೇರು, ಉಜ್ಜಿನಿಯ ಜಾತ್ರೆ. ಇಷ್ಟು ಜನ ಒಂದೇ ಹೊಳೆ ಅಥವಾ ಒಂದೇ ಕೆರೆಯ ನೀರು ಕುಡಿಯುವ ಕಡೆ ಕಾಲರಾ ತಾನಾಗಿ ಬರುತ್ತದೆ ಎಂಬುದು ಆಡಳಿತಕ್ಕೆ ಗೊತ್ತಿತ್ತು. 1939ರ ಮದರಾಸು ಸಾರ್ವಜನಿಕ ಆರೋಗ್ಯ ಕಾಯ್ದೆಯಲ್ಲಿ ಜಾತ್ರೆ–ಉತ್ಸವಗಳಿಗೇ ಒಂದು ಪ್ರತ್ಯೇಕ ಅಧ್ಯಾಯವಿದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯ ಸೇರುವವರೆಗೂ ಈ ಊರುಗಳಿಗೆ ಮದರಾಸಿನದೇ ಕಾನೂನು.

ಆಮೇಲೆ ಬಂದದ್ದು ಗಾಜಿನ ಬಾಟಲಿಯ ಕಾಲ. ಕೆಂಪು ರಬ್ಬರ್ ನಳಿಕೆ, ಸಾಣೆ ಹಿಡಿದು ಮತ್ತೆ ಮತ್ತೆ ಬಳಸುವ ಉಕ್ಕಿನ ಸೂಜಿ, ಬಾಟಲಿಯೊಳಗೆ ಗಾಳಿಯಾಡಲು ಚುಚ್ಚಿದ ಇನ್ನೊಂದು ಸೂಜಿ. ಏರಿಸಿದ ಅರ್ಧ ತಾಸಿಗೆ ಮಂಚವೇ ಅದುರುವಂತೆ ಚಳಿ. ನೀರು ಬಟ್ಟಿ ಇಳಿಸಿದ್ದೇ ಆದರೂ ಸತ್ತ ಬ್ಯಾಕ್ಟೀರಿಯಾಗಳ ಅಂಶ ಅದರಲ್ಲಿ ಉಳಿದು ಈ ನಡುಕ ಜ್ವರ ತರುತ್ತದೆಂದು ಅಮೆರಿಕದ ಫ್ಲಾರೆನ್ಸ್ ಸೈಬರ್ಟ್ 1923ರಲ್ಲೇ ತೋರಿಸಿಕೊಟ್ಟಿದ್ದಳು. ಕುದಿಸಿದರೂ ಹೋಗದ ವಿಷವದು. ಹೀಗಿದ್ದೂ ಜನಕ್ಕೆ ಬಾಟಲಿಯ ಮೇಲೆ ಮೋಹ ಹುಟ್ಟಿತು. ‘ಗ್ಲೂಕೋಸ್ ಏರಿಸ್ರಿ’ ಎಂದು ಕೇಳಿ ಹಾಕಿಸಿಕೊಳ್ಳುವ ರೂಢಿ ಇವತ್ತಿಗೂ ಈ ಭಾಗದ ಯಾವ ಖಾಸಗಿ ದವಾಖಾನೆಯಲ್ಲಾದರೂ ಕಾಣುತ್ತದೆ. ಸುಸ್ತಿಗೆ ಒಂದು ಬಾಟಲಿ, ಜ್ವರಕ್ಕೆ ಒಂದು ಬಾಟಲಿ. ಅರ್ಧ ಲೀಟರ್ ಗ್ಲೂಕೋಸ್ ದ್ರವದಲ್ಲಿರುವುದು 25 ಗ್ರಾಂ ಸಕ್ಕರೆ. ಎರಡು ಲೋಟ ಸಿಹಿ ಪಾನಕ ಕುಡಿದರೂ ಅಷ್ಟು ಸಿಗುತ್ತದೆ ಎಂದರೆ ಯಾರೂ ಒಪ್ಪುವುದಿಲ್ಲ.

ಕಾಲರಾದ ಹೆಚ್ಚಿನ ರೋಗಿಗಳಿಗಂತೂ ಸೂಜಿಯೇ ಬೇಡವೆಂದು ದೊಡ್ಡ ಮಟ್ಟದಲ್ಲಿ ತೋರಿಸಿದವರು ವೈದ್ಯ ದಿಲೀಪ್ ಮಹಾಲನಬಿಸ್. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಸಲೈನ್ ಬಾಟಲಿಗಳು ಮುಗಿಯತೊಡಗಿದಾಗ ಅವರು ಉಪ್ಪು, ಸೋಡ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಯಲು ಕೊಡಿಸಿದರು. ಸಾವು ಇಳಿಯಿತು. ಅಂಗನವಾಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣದ ಮೂಲಪುರುಷ ಅದೇ ಡ್ರಮ್ಮು. ಲಾಟಾ ಹುಡುಕಿದ ದಾರಿಯನ್ನು ಆ ರೋಗದ ಮಟ್ಟಿಗೆ ಬಹುಪಾಲು ಮುಚ್ಚಿದ ಮೇಲೂ, ನರದ ದಾರಿ ಬೇರೆ ರೋಗಗಳಿಗಾಗಿ ಇನ್ನಷ್ಟು ಆಳಕ್ಕೆ ಹೋಯಿತು. ಎಷ್ಟು ಆಳಕ್ಕೆಂದರೆ, ಹೃದಯದವರೆಗೆ.

ಮನುಷ್ಯನ ಹೃದಯಕ್ಕೆ ಮೊದಲು ಕೊಳವೆ ತೂರಿಸಿದವನದ್ದು ವಿಚಿತ್ರ ಕತೆ. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಆಸ್ಪತ್ರೆಯಲ್ಲಿ ತರಬೇತಿಯಲ್ಲಿದ್ದ ವರ್ನರ್ ಫೋರ್ಸ್‌ಮನ್‌ಗೆ ಈ ಪ್ರಯೋಗಕ್ಕೆ ಮೇಲಿನವರ ಒಪ್ಪಿಗೆ ಇರಲಿಲ್ಲ. ಶಸ್ತ್ರಚಿಕಿತ್ಸೆಯ ಸಾಮಾನುಗಳ ಬೀಗದ ಕೈ ಇದ್ದದ್ದು ಗೆರ್ಡಾ ಡಿಟ್ಸೆನ್ ಎಂಬ ನರ್ಸ್ ಬಳಿ. ಅವಳನ್ನು ಒಲಿಸಿದ. ಮಾಡುವುದಾದರೆ ನನ್ನ ಮೇಲೇ ಮಾಡಿ ಎಂದಳು. ಅವಳನ್ನು ಮೇಜಿಗೆ ಕಟ್ಟಿ, ಅವಳಿಗೆ ಕಾಣದಂತೆ ತನ್ನದೇ ತೋಳಿನ ನರ ಬಿಡಿಸಿ ಮೂತ್ರನಾಳಕ್ಕೆ ಹಾಕುವ ತೆಳು ಕೊಳವೆಯನ್ನು 65 ಸೆಂಟಿಮೀಟರ್ ಒಳಗೆ ನೂಕಿಕೊಂಡ. ಅದನ್ನು ಹಾಗೇ ಇಟ್ಟುಕೊಂಡು ಎಕ್ಸ್‌ರೇ ಕೋಣೆಯವರೆಗೆ ನಡೆದು ಚಿತ್ರ ತೆಗೆಸಿದ. ಮೊದಲು ಬೈಗುಳ, 1956ರಲ್ಲಿ ನೊಬೆಲ್. ಇತಿಹಾಸ ಗೆರ್ಡಾಳ ಹೆಸರನ್ನು ಅಡಿಟಿಪ್ಪಣಿಯಲ್ಲಿ ಮಾತ್ರ ಉಳಿಸಿಕೊಂಡಿದೆ. ಈ ಕಸುಬಿನಲ್ಲಿ ನರ್ಸುಗಳಿಗೆ ಅದು ಹೊಸದೇನಲ್ಲ.

ಕೊಳವೆ ಕೊಳವೆಗೆ ಸೇರುವ ಬಾಯಿಯ ಕತೆ ಇನ್ನೂ ಹಳೆಯದು. ಹತ್ತೊಂಬತ್ತನೇ ಶತಮಾನದ ಕೊನೆಗೆ ಪ್ಯಾರಿಸ್ಸಿನ ಲೂಯರ್ ಮನೆತನದ ಸಿರಿಂಜಿಗೆ ತುದಿಯತ್ತ ಸ್ವಲ್ಪ ಸ್ವಲ್ಪ ಸಣ್ಣಗಾಗುವ ಬಾಯಿ ಇತ್ತು. ನೂರಕ್ಕೆ ಆರರಷ್ಟು ಇಳಿಜಾರು. ಒತ್ತಿದರೆ ಬಿಗಿಯಾಗುತ್ತದೆ, ಎಳೆದರೆ ಬಿಚ್ಚಿಕೊಳ್ಳುತ್ತದೆ. 1925ರಲ್ಲಿ ಅಮೆರಿಕದ ಫೇರ್‌ಲೀ ಡಿಕಿನ್ಸನ್ ಅದಕ್ಕೆ ಅರ್ಧ ಸುತ್ತಿನ ಮರೆ ಸೇರಿಸಿ, ತಿರುಗಿಸಿದರೆ ಕಚ್ಚಿಕೊಳ್ಳುವಂತೆ ಮಾಡಿದ. ಅದೇ ಲೂಯರ್ ಲಾಕ್. ಮಲ್ಲಿಗೆ ತೋಟಕ್ಕೆ ಹನಿ ನೀರಾವರಿಯ ಪೈಪು ಎಳೆಸಿದ ಹಡಗಲಿಯ ರೈತನನ್ನು ಕೇಳಿದರೆ ಹೇಳುತ್ತಾನೆ, ಪೈಪು ಒಡೆಯುವುದು ಅಪರೂಪ, ಸೋರುವುದು ಜಾಯಿಂಟಿನಲ್ಲೇ. ಇಲ್ಲಿ ಸೋರುವುದು ರಕ್ತ. ಲೂಯರ್ ಬಾಯಿಗೆ ಒಂದು ಕೆಟ್ಟ ಗುಣವೂ ಇತ್ತು, ಅದು ಎಲ್ಲದಕ್ಕೂ ಹೊಂದುತ್ತಿತ್ತು. ಮೂಗಿನಿಂದ ಹೊಟ್ಟೆಗೆ ಹಾಲು ಬಿಡುವ ನಳಿಕೆ, ಬೆನ್ನುಹುರಿಯ ಅರಿವಳಿಕೆಯ ನಳಿಕೆ, ನರದ ನಳಿಕೆ ಎಲ್ಲಕ್ಕೂ ಒಂದೇ ಬಾಯಿ. ಹೊಟ್ಟೆಗೆ ಹೋಗಬೇಕಾದದ್ದು ನರಕ್ಕೆ ಹೋಗಿ ಸತ್ತವರಿದ್ದಾರೆ. ಒಂದರ ಬಾಯಿ ಇನ್ನೊಂದಕ್ಕೆ ಹೊಂದಲೇಬಾರದೆಂಬ ಐಎಸ್‌ಒ 80369 ಮಾನದಂಡಗಳು ಬಂದದ್ದು ಈ ಶತಮಾನದ ಎರಡನೇ ದಶಕದಲ್ಲಿ.

ಇಷ್ಟಾದರೂ ಕೊಳವೆ ಮೈಯಲ್ಲಿ ಕೆಲವು ದಿನ ಮಾತ್ರ ಇರುತ್ತಿತ್ತು. ತಿಂಗಳುಗಟ್ಟಲೆ ಇರುವ ಕೊಳವೆಯ ತವರು ಅಮೆರಿಕದ ಸಿಯಾಟಲ್. ಅಲ್ಲಿನ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ಕಿಡ್ನಿ ವೈದ್ಯನಿಗೆ ಒಂದೇ ತೊಡಕು: ಡಯಾಲಿಸಿಸ್ ಯಂತ್ರ ಇದೆ, ಆದರೆ ಪ್ರತಿ ಸಲ ಹೊಸದಾಗಿ ರಕ್ತನಾಳ ಕೊಯ್ಯಬೇಕು. ಕೆಲವೇ ಸಲಕ್ಕೆ ನಾಳಗಳು ಮುಗಿಯುತ್ತವೆ, ರೋಗಿಯೂ ಮುಗಿಯುತ್ತಾನೆ. 1960ರ ಮಾರ್ಚ್ 9ರಂದು ಕ್ಲೈಡ್ ಶೀಲ್ಡ್ಸ್ ಎಂಬ ಯಂತ್ರ ಕಾರ್ಮಿಕನ ಕೈಗೆ ಎರಡು ಟೆಫ್ಲಾನ್ ಕೊಳವೆ ಇಟ್ಟರು, ಒಂದು ಧಮನಿಗೆ, ಒಂದು ಅಭಿಧಮನಿಗೆ. ಯಂತ್ರ ಬಿಚ್ಚಿದಾಗ ಅವೆರಡನ್ನೂ ಹೊರಗೆ ಒಂದಕ್ಕೊಂದು ಜೋಡಿಸಿ, ರಕ್ತ ಸುತ್ತುತ್ತಲೇ ಇರುವಂತೆ ಮಾಡಿದರು. ಕೊಳವೆಯನ್ನು ಬಾಗಿಸಿ ಕೊಟ್ಟವನು ವೇಯ್ನ್ ಕ್ವಿಂಟನ್. ಶೀಲ್ಡ್ಸ್ ಇನ್ನೂ ಹನ್ನೊಂದು ವರ್ಷ ಬದುಕಿದ. ಅದರ ಜೊತೆಗೇ ಒಂದು ಹೊಸ ಸಂಕಟ ಹುಟ್ಟಿತು. ಯಂತ್ರಗಳು ಬೆರಳೆಣಿಕೆಯಷ್ಟು, ರೋಗಿಗಳು ನೂರಾರು. ಯಾರನ್ನು ಉಳಿಸಬೇಕೆಂದು ತೀರ್ಮಾನಿಸಲು ಸಿಯಾಟಲ್‌ನಲ್ಲಿ ಊರ ಹಿರಿಯರ ಸಮಿತಿಯೇ ಕೂತಿತು.

ಅದೇ ಊರಲ್ಲಿ, ಅದೇ ಸ್ಕ್ರಿಬ್ನರ್ ಜೊತೆಗೂಡಿ ಬ್ರೋವಿಯಾಕ್ ಎಂಬ ವೈದ್ಯ 1973ರಲ್ಲಿ ಮೆತ್ತನೆಯ ಸಿಲಿಕೋನ್ ಕೊಳವೆಯನ್ನು ವರದಿ ಮಾಡಿದ. ಕರುಳು ಕೆಲಸ ಮಾಡದವರಿಗೆ ನರದಿಂದಲೇ ಊಟ ಕೊಡುವುದು ಉದ್ದೇಶ. 1979ರಲ್ಲಿ ಮಕ್ಕಳ ಕಿಡ್ನಿ ತಜ್ಞ ರಾಬರ್ಟ್ ಹಿಕ್ಮನ್ ಅದರ ಒಳಬಾಯನ್ನು 1 ಮಿಲಿಮೀಟರಿನಿಂದ 1.6ಕ್ಕೆ ಹಿಗ್ಗಿಸಿ ಅಸ್ಥಿಮಜ್ಜೆ ಕಸಿಯ ರೋಗಿಗಳಿಗೆ ಕೊಟ್ಟ. ಜಾಣತನ ಇದ್ದದ್ದು ದಾರಿಯಲ್ಲಿ. ಕೊಳವೆ ಎದೆಯ ಚರ್ಮದಲ್ಲಿ ಹೊಕ್ಕ ಕಡೆಯೇ ನರಕ್ಕೆ ಇಳಿಯದೆ, ಚರ್ಮದಡಿ ಸುರಂಗದಲ್ಲಿ ಸ್ವಲ್ಪ ದೂರ ಹರಿದು ಆಮೇಲೆ ನರ ಸೇರುತ್ತದೆ. ಸುರಂಗದೊಳಗೆ ಅದಕ್ಕೊಂದು ಡೇಕ್ರಾನ್ ಬಟ್ಟೆಯ ಪಟ್ಟಿ. ಕೆಲವು ವಾರದಲ್ಲಿ ಮಾಂಸ ಆ ಪಟ್ಟಿಯೊಳಗೆ ಬೆಳೆದು, ಕೊಳವೆಯನ್ನು ಹಿಡಿದು ನಿಲ್ಲಿಸುತ್ತದೆ, ಹೊರಗಿನ ಕ್ರಿಮಿಗೆ ಒಡ್ಡು ಕಟ್ಟುತ್ತದೆ. ಇದಾದ ಮೇಲೆ ಕ್ರಿಮಿಗೆ ಉಳಿದ ರಾಜಮಾರ್ಗ ಒಂದೇ, ಕೊಳವೆಯ ಬಾಯಿ. ಸಿಯಾಟಲ್‌ನವರು ರೋಗಿಗಳನ್ನು ಮನೆಗೆ ಕಳಿಸುವ ಮುಂಚೆ ಆ ಬಾಯನ್ನು ಹೇಗೆ ತೆರೆಯಬೇಕು, ಹೇಗೆ ಮುಚ್ಚಬೇಕು ಎಂದು ಕಲಿಸಿದರು. ರಾತ್ರಿ ಊಟದ ನಳಿಕೆ ತಾವೇ ಜೋಡಿಸಿ ಮಲಗಿ, ಬೆಳಿಗ್ಗೆ ತಾವೇ ಬಿಚ್ಚಿ ಕೆಲಸಕ್ಕೆ ಹೋದವರಿದ್ದರು.

ಈ ಬಾಯಿಯ ಚೊಕ್ಕಟತನ ಎಷ್ಟು ನಾಜೂಕೆಂದು 1970–71ರಲ್ಲೇ ಅಮೆರಿಕ ಕಂಡಿತ್ತು. ಒಂದು ದೊಡ್ಡ ಕಂಪನಿ ಬಾಟಲಿಯ ತಿರುಗಣಿ ಮುಚ್ಚಳದ ಒಳಪದರವನ್ನು ಬದಲಿಸಿತು. ಆ ಪದರದಲ್ಲಿ ಬ್ಯಾಕ್ಟೀರಿಯಾ ಬದುಕುತ್ತಿತ್ತು. ಮುಚ್ಚಳ ತೆರೆದು ಮತ್ತೆ ಹಾಕಿದರೆ ದ್ರವಕ್ಕೆ ಇಳಿಯುತ್ತಿತ್ತು. ಹಲವು ರಾಜ್ಯಗಳ ಆಸ್ಪತ್ರೆಗಳಲ್ಲಿ ರೋಗಿಗಳ ರಕ್ತಕ್ಕೆ ನಂಜೇರಿತು. 2001ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಪೀಟರ್ ಪ್ರೊನೊವೋಸ್ಟ್ ಹೃದಯದ ಹತ್ತಿರದ ದೊಡ್ಡ ನರದವರೆಗೆ ಹೋಗುವ ಕೇಂದ್ರ ಕೊಳವೆ ಹಾಕುವ ಕೆಲಸಕ್ಕೆ ಐದು ಸಾಲಿನ ಪಟ್ಟಿ ಬರೆದ: ಕೈ ತೊಳೆ, ಕ್ಲೋರ್‌ಹೆಕ್ಸಿಡಿನ್ ಹಚ್ಚು, ಪೂರ್ತಿ ಹೊದಿಕೆ ಬಳಸು, ತೊಡೆಯ ನರ ಬಿಡು, ಬೇಡವಾದ ಕೊಳವೆ ತೆಗೆ. ವೈದ್ಯ ಒಂದು ಸಾಲು ಬಿಟ್ಟರೂ ತಡೆಯುವ ಅಧಿಕಾರ ನರ್ಸಿಗೆ. ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಕೊಳವೆಯಿಂದ ಬರುವ ರಕ್ತದ ಸೋಂಕು ಮೂರನೇ ಎರಡರಷ್ಟು ಇಳಿಯಿತು. ಹೊಸ ಔಷಧಿ ಒಂದೂ ಇರಲಿಲ್ಲ.

ಈ ಎಲ್ಲ ಸಂಗತಿ ಕೂಡ್ಲಿಗಿ, ಕೊಟ್ಟೂರಿಗೆ ತಲುಪಿದ್ದು ಡಯಾಲಿಸಿಸ್ ಹಾದಿಯಲ್ಲಿ. ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 1961ರಲ್ಲಿ, ದಾವಣಗೆರೆಯ ಜೆಜೆಎಂ ಕಾಲೇಜು 1965ರಲ್ಲಿ ಶುರುವಾದವು. ಬಹಳ ಕಾಲ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಕೊಟ್ಟೂರಿನವರಿಗೆ ದೊಡ್ಡ ಚಿಕಿತ್ಸೆ ಎಂದರೆ ಆ ಕಡೆಯ ಬಸ್ಸು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದವುಗಳ ಜೊತೆ ವಿಜಯನಗರ ಜಿಲ್ಲೆಗೆ ಸೇರಿದರೂ ಅಲ್ಲಿನ ರೋಗಿಗಳ ಬಸ್ಸು ದಾವಣಗೆರೆಯ ಕಡೆಯೇ ಹೋಗುತ್ತದೆ. ಕಿಡ್ನಿ ಹೋದವರಿಗೆ ಈ ಪ್ರಯಾಣ ವಾರಕ್ಕೆ ಎರಡು ಮೂರು ಸಲ. 2016ರಲ್ಲಿ ಕೇಂದ್ರದ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾದ ಮೇಲೆ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಯಂತ್ರಗಳು ಹೆಚ್ಚಿದವು. 2024ರಲ್ಲಿ ರಾಜ್ಯ ಸರ್ಕಾರ ರಕ್ತ ಸೋಸುವ ಡಯಲೈಸರನ್ನು ಒಬ್ಬರಿಗೆ ಒಂದೇ ಸಲ ಬಳಸುವ ಪದ್ಧತಿ ತಂದಿತು. ರೋಗಿಗಳು ‘ಪರ್ಮ್‌ಕ್ಯಾತ್’ ಎನ್ನುವ ಎದೆಯ ಕೊಳವೆ, ಸಿಯಾಟಲ್‌ನ ಸುರಂಗ ಮತ್ತು ಡೇಕ್ರಾನ್ ಪಟ್ಟಿಯ ವಂಶದ್ದೇ. ಆ ಹೆಸರಿನ ಕೊಳವೆಯನ್ನು ಮಾರಿದ್ದೂ ಕ್ವಿಂಟನ್ ಹೆಸರಿನ ಕಂಪನಿ.

ಅದಕ್ಕೆ ಯಂತ್ರದ ನಳಿಕೆ ಜೋಡಿಸುವುದು ಕೆಲವೇ ನಿಮಿಷದ ಕೆಲಸ. ಸರಿಯಾಗಿ ಮಾಡುವವರನ್ನು ನೋಡಿದರೆ ಪೂಜೆಯ ಮಡಿಗಿಂತ ಕಟ್ಟುನಿಟ್ಟು. ಸಿಸ್ಟರ್ ಮಾಸ್ಕ್ ಹಾಕಿ ರೋಗಿಗೂ ಹಾಕಿಸುತ್ತಾರೆ. ‘ಅಜ್ಜಾ, ಮುಖ ಆ ಕಡೆ ಮಾಡ್ರಿ, ಮಾತಾಡಬ್ಯಾಡ್ರಿ’ ಎನ್ನುವುದು ಸಿಟ್ಟಿನ ಮಾತಲ್ಲ, ಬಾಯಿಯ ಹನಿ ಕೊಳವೆಯ ಬಾಯಿಗೆ ಬೀಳದಿರಲಿ ಎಂದು. ಯಂತ್ರದ ನಳಿಕೆಗಳಲ್ಲಿ ಸಲೈನ್ ಹರಿಸಿ ಗಾಳಿಯನ್ನೆಲ್ಲ ಹೊರಗೆ ಹಾಕಿರುತ್ತಾರೆ. ಎದೆಯ ಕೊಳವೆಯ ಕೆಂಪು, ನೀಲಿ ಎರಡೂ ಕವಲಿನ ಕ್ಲಾಂಪ್ ಮುಚ್ಚಿದೆಯೇ ಎಂದು ನೋಡದೆ ಮುಚ್ಚಳ ಮುಟ್ಟುವಂತಿಲ್ಲ. ಕೊಳವೆಯ ಇನ್ನೊಂದು ತುದಿ ಹೃದಯದ ಬಾಗಿಲಲ್ಲಿದೆ. ಕ್ಲಾಂಪ್ ಬಿಚ್ಚಿದ್ದಾಗ ಮುಚ್ಚಳ ತೆಗೆದರೆ, ರೋಗಿ ಉಸಿರೆಳೆದ ಹೊತ್ತಿಗೆ ಗಾಳಿ ಒಳಗೆ ಹೋಗಬಹುದು. ಮುಚ್ಚಳ ತೆಗೆದ ಮೇಲೆ ಬಾಯಿಯನ್ನೂ ಅದರ ಸುತ್ತಿನ ಎಳೆಗಳನ್ನೂ ಔಷಧಿಯಲ್ಲಿ ಅದ್ದಿದ ಗಾಜ್‌ನಿಂದ ತಿಕ್ಕಿ, ತಾನಾಗಿ ಒಣಗಲು ಬಿಡಬೇಕು. ಕ್ರಿಮಿಯನ್ನು ಕೊಲ್ಲುವುದು ತಿಕ್ಕಾಟವೂ ಹೌದು, ಒಣಗುವ ಹೊತ್ತೂ ಹೌದು. ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಈ ಎರಡೇ. ಆಮೇಲೆ ಹೊಸ ಸಿರಿಂಜಿನಿಂದ ರಕ್ತ ಹೆಪ್ಪುಗಟ್ಟದಂತೆ ಹಿಂದಿನ ಸಲ ತುಂಬಿಟ್ಟ ಹೆಪಾರಿನ್ ಎಳೆದು ಚೆಲ್ಲಿ, ರಕ್ತ ಸರಾಗ ಬರುತ್ತದೆಯೇ ನೋಡಿ, ನಳಿಕೆ ಇಟ್ಟು ಲೂಯರ್ ಲಾಕ್ ಪೂರ್ತಿ ತಿರುಗಿಸಿ, ಕೊನೆಗೆ ಕ್ಲಾಂಪ್ ಬಿಡುತ್ತಾರೆ.

ನಿಮಿಷಕ್ಕೆ 200ರಿಂದ 300 ಮಿಲಿಲೀಟರ್ ರಕ್ತ ಹರಿಯುವ ಜಾಗವಿದು. ಜೋಡಣೆ ಸಡಿಲವಾದರೆ ಯಂತ್ರದ ಅಲಾರಾಂ ಪ್ರತಿ ಸಲವೂ ಕೂಗುವುದಿಲ್ಲ. ಹಾಗಾಗಿ ಎಷ್ಟು ಚಳಿಯಾದರೂ ಜೋಡಣೆಯ ಮೇಲೆ ಕಂಬಳಿ ಹೊದೆಸುವಂತಿಲ್ಲ. ವಾರಕ್ಕೆ ಮೂರು ಸಲ ಎಂದರೆ ತಿಂಗಳಿಗೆ ಹದಿಮೂರು ಸಲ, ಪ್ರತಿ ಸಲ ಎರಡು ಬಾಯಿ, ಒಮ್ಮೆ ಜೋಡಿಸಲು ಒಮ್ಮೆ ಬಿಚ್ಚಲು. ಒಬ್ಬ ರೋಗಿಗೇ ತಿಂಗಳಿಗೆ ಐವತ್ತರ ಹತ್ತಿರ ಬಾಗಿಲು ತೆರೆದಂತಾಯಿತು. ಒಬ್ಬರೇ ಸಿಸ್ಟರ್ ನಾಲ್ಕೈದು ಯಂತ್ರ ನೋಡುವ ಕಡೆ ಯಾವ ಬಾಗಿಲಲ್ಲಿ ಅವಸರವಾಗುತ್ತದೆಂದು ಹೇಳಲಾಗದು. ಯಂತ್ರ ಎಷ್ಟು ಬಂತೆಂದು ಎಣಿಸುವ ಸರ್ಕಾರ ಕೈಗಳನ್ನೂ ಎಣಿಸಬೇಕಿತ್ತು.

ಇನ್ನೊಂದು ಬಗೆಯ ಕೊಳವೆ ಬೆಂಗಳೂರಿನಿಂದ ಬರುತ್ತದೆ. 1973ರಲ್ಲಿ ಶುರುವಾದ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಕಿಮೊ ಪಡೆಯುವ ಕೆಲವರು ತೋಳಿನಲ್ಲಿ ‘ಪಿಕ್ ಲೈನ್’ ಇಟ್ಟುಕೊಂಡೇ ಊರಿಗೆ ಮರಳುತ್ತಾರೆ. ಅದಕ್ಕೆ ವಾರಕ್ಕೊಮ್ಮೆ ಸಲೈನ್ ಹಾಯಿಸಿ ಪಟ್ಟಿ ಬದಲಿಸಬೇಕು. ಅದಕ್ಕೆಂದು ಬೆಂಗಳೂರಿಗೆ ಹೋಗಿಬರುವುದು ಕೂಲಿ ಮಾಡುವವರಿಗೆ ಆಗದ ಮಾತು. ಹತ್ತಿರದ ದವಾಖಾನೆಯಲ್ಲಿ, ದಿನಾ ಗ್ಲೂಕೋಸ್ ಏರಿಸುವ ಕೈ ಅದನ್ನು ಸಾಮಾನ್ಯ ಸೂಜಿಯೆಂದೇ ತಿಳಿದು ಸಣ್ಣ ಸಿರಿಂಜಿನಿಂದ ಬಲವಾಗಿ ನೂಕಿದರೆ, ಒತ್ತಡಕ್ಕೆ ಕೊಳವೆ ಒಳಗೇ ಬಿರಿಯಬಹುದು. ಹತ್ತು ಮಿಲಿಲೀಟರಿನ ಸಿರಿಂಜೇ ಆಗಬೇಕೆಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದದ್ದು ಇಂಗ್ಲಿಷಿನಲ್ಲಿರುತ್ತದೆ.

ಜೋಡಣೆ ಎಷ್ಟೇ ಚೊಕ್ಕಟವಿದ್ದರೂ ಬಾಟಲಿ ಕೆಟ್ಟರೆ ಉಪಯೋಗವಿಲ್ಲ ಎಂಬುದನ್ನು 2024ರ ನವೆಂಬರ್ ನೆನಪಿಸಿತು. ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಹಲವು ಬಾಣಂತಿಯರ ಸ್ಥಿತಿ ಏಕಾಏಕಿ ಕೆಟ್ಟು, ಐವರು ಸತ್ತರು. ಅನುಮಾನ ಹೋದದ್ದು ನರಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರವದ ಮೇಲೆ. ಸರ್ಕಾರ ಅದರ ಬಳಕೆ ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು.

ಎದೆಯ ಕೊಳವೆಗೆ ಬದಲು ಕೈಯಲ್ಲೇ ಧಮನಿ–ಅಭಿಧಮನಿ ಹೊಲಿದು ಕೂಡಿಸುವ ಫಿಸ್ಟುಲಾವನ್ನು ಬ್ರೆಶಿಯಾ ಮತ್ತು ಚಿಮಿನೊ 1966ರಲ್ಲೇ ವರದಿ ಮಾಡಿದ್ದರು. ಹೊರಗೆ ಕೊಳವೆಯಿಲ್ಲ, ಕಾಯಬೇಕಾದ ಬಾಯಿಯೂ ಇಲ್ಲ. ಕಿಡ್ನಿ ವೈದ್ಯರು ಮೊದಲು ಹೇಳುವುದು ಅದನ್ನೇ. ಆದರೆ ಅದಕ್ಕೆ ಮೊಣಕೈ, ಮುಂಗೈಯ ಒಳ್ಳೆಯ ನರ ಬೇಕು, ಹೊಲಿದ ಮೇಲೆ ಅದು ಬಲಿಯಲು ಕೆಲವು ವಾರ ಬೇಕು. ವರ್ಷಗಟ್ಟಲೆ ಸುಸ್ತಿಗೊಂದು ಜ್ವರಕ್ಕೊಂದು ಬಾಟಲಿ ಏರಿಸಿಕೊಂಡ ಕೈಯಲ್ಲಿ ನರ ಗಟ್ಟಿಯಾಗಿ, ಮುಚ್ಚಿಹೋಗಿ, ಹೊಲಿಯಲು ಏನೂ ಉಳಿದಿರುವುದಿಲ್ಲ. ಹಾಗಾದವರು ಮತ್ತೆ ಎದೆಯ ಕೊಳವೆಗೇ ಬರುತ್ತಾರೆ. ಅದಕ್ಕೇ ಕಿಡ್ನಿ ಸೋಲತೊಡಗಿದೆ ಎಂದು ಗೊತ್ತಾದ ದಿನದಿಂದಲೇ ವೈದ್ಯರು ಹೇಳುತ್ತಾರೆ: ಎಡಗೈಯವರಲ್ಲದಿದ್ದರೆ ಎಡಗೈಯಿಂದ ರಕ್ತ ತೆಗೆಸಬೇಡಿ, ಅದಕ್ಕೆ ಡ್ರಿಪ್ ಹಾಕಿಸಬೇಡಿ, ಹಾಕಲೇಬೇಕಾದರೆ ಅಂಗೈಯ ಹಿಂಬದಿಯ ಸಣ್ಣ ನರಕ್ಕೆ ಹಾಕಿಸಿ.